ಮಾಮೂಲಿ ಶಾಲೆ ಬಿಡಿಸಿ ಬೇರೆ ದಾರಿ ಹಿಡಿದವರು ಇದ್ದೀರಾ? ಎಂಟು ವರ್ಷದ ಮಗಳ ವಿಷಯ

ಬೆಳದಿಂಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ 8 ವರ್ಷ, ಮೂರನೇ ತರಗತಿ. ಎರಡು ವರ್ಷದ ಹಿಂದೆ ಇವಳ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗುತ್ತಿತ್ತು. ಚಂದ್ರ ನಮ್ಮ ಜೊತೆಗೇ ಯಾಕೆ ಬರುತ್ತಾನೆ, ಇರುವೆಗೆ ನಿದ್ದೆ ಬರುತ್ತಾ, ಹೀಗೆ. ಈಗ ಕೇಳುವುದು ಒಂದೇ ಪ್ರಶ್ನೆ: "ಅಮ್ಮಾ, ನಾಳೆ ರಜೆನಾ?" ದಿನಾ ಬೆಳಿಗ್ಗೆ ಹೊಟ್ಟೆನೋವು. ರಜೆ ದಿನ ಮಾತ್ರ ಇಲ್ಲ. ಡಾಕ್ಟರ್ ಹತ್ತಿರ ತೋರಿಸಿದ್ದೇವೆ, ಏನೂ ತೊಂದರೆ ಇಲ್ಲ ಅಂದರು.

ಹೋದ ವಾರ ಅವಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. 7×8 ಎಷ್ಟು ಅಂತ ಪ್ರಶ್ನೆ. ಇವಳು 7×7=49, 49+7=56 ಅಂತ ಬರೆದಿದ್ದಾಳೆ. ಅದಕ್ಕೆ ಕೆಂಪು ಶಾಯಿಯಲ್ಲಿ ಇಂಟು. ಪಕ್ಕದಲ್ಲಿ "ಮಗ್ಗಿ ಬಾಯಿಪಾಠ ಮಾಡು" ಅಂತ ಬರೆದಿದೆ. ಇವಳು ಆ ಲೆಕ್ಕವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ತೂತಾಗಿದೆ. ಅರ್ಧ 49 ಇನ್ನೂ ಕಾಣುತ್ತಿತ್ತು. ನೋಡಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನಾನು ಬೇಕಾದರೆ ಅರ್ಧ ದಿನದ ಕೆಲಸಕ್ಕೆ ಇಳಿಯಬಹುದು. ಮಾಂಟೆಸ್ಸರಿ, ವಾಲ್ಡಾರ್ಫ್ ಅನ್ನುವ ಬೇರೆ ಥರದ ಶಾಲೆಗಳು, ಮನೆಪಾಠ (ಟ್ಯೂಷನ್ ಅಲ್ಲ, ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದು), ಎಲ್ಲದರ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ನಿಜವಾಗಿ ಮಾಡಿ ನೋಡಿದವರು ಹೇಳಿ. ಯಾವುದು ಕೈಹಿಡಿಯಿತು? ಯಾವುದು ಕೈಕೊಟ್ಟಿತು?

ಎರಡುಜಡೆ

ರಜೆ ದಿನ ಬಾರದ ಹೊಟ್ಟೆನೋವು ನನಗೂ ಬರುತ್ತಿತ್ತು. ಅದು ನಾಟಕ ಅಲ್ಲ, ನಿಜವಾಗಿಯೂ ನೋಯುತ್ತದೆ. ಮೊದಲು ಅವಳನ್ನು ನಂಬಿ.

ಮನೆಯೇಶಾಲೆ

ನಮ್ಮ ಇಬ್ಬರು ಮಕ್ಕಳು ಆರು ವರ್ಷದಿಂದ ಮನೆಯಲ್ಲೇ ಕಲಿಯುತ್ತಿದ್ದಾರೆ. ದೊಡ್ಡವನಿಗೆ 13, ಚಿಕ್ಕವಳಿಗೆ 10. ನಾನು ಮಾಡಿದ ಮೊದಲ ತಪ್ಪನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದನ್ನು ಎಲ್ಲರೂ ಮಾಡುತ್ತಾರೆ.

ಶಾಲೆ ಬಿಡಿಸಿದ ಮರುದಿನವೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. 9ರಿಂದ 3. ಒಂದು ಪಿರಿಯಡ್ ಗಣಿತ, ಒಂದು ಭಾಷೆ, ಒಂದು ವಿಜ್ಞಾನ. ಸಣ್ಣ ಬೋರ್ಡ್ ಕೂಡ ತಂದೆ. ಮೂರನೇ ವಾರಕ್ಕೆ ಮಗ ಮೇಜಿನ ಕೆಳಗೆ ಹೋಗಿ ಕೂತ. ನಾನು ಮೇಲೆ ಕೂತು ಅತ್ತೆ. ಶಾಲೆಯಲ್ಲಿ ಯಾವುದು ಬೇಡ ಅಂತ ಬಿಡಿಸಿಕೊಂಡು ಬಂದಿದ್ದೆನೋ ಅದನ್ನೇ ಮನೆಗೆ ತಂದಿದ್ದೆ. ಮೊದಲು ಮನೆಗೆ ಬಂದರೆ ಶಾಲೆಯಿಂದ ತಪ್ಪಿಸಿಕೊಳ್ಳಬಹುದಿತ್ತು. ಈಗ ಅವನಿಗೆ ಅದೂ ಇರಲಿಲ್ಲ.

ಆಮೇಲೆ ಅನುಭವಸ್ಥರೊಬ್ಬರು ಹೇಳಿದರು, ಶಾಲೆ ಬಿಟ್ಟ ಮಗುವಿಗೆ ಮೊದಲು ಸುಮ್ನೆ ಇರಲು ಬಿಡಿ ಅಂತ. ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ಸುಮಾರು ಒಂದು ತಿಂಗಳು ಅಂತ ಮನೆಪಾಠದವರು ಲೆಕ್ಕ ಹೇಳುತ್ತಾರೆ. ಅದು ಶಾಸ್ತ್ರ ಅಲ್ಲ, ಅಂದಾಜು ಅಷ್ಟೇ. ನಮಗೆ ನಾಲ್ಕು ತಿಂಗಳು ಹಿಡಿಯಿತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಅವನಾಗಿಯೇ ಹಗ್ಗ ತಂದು ಕೇಳಿದ: "ಇದನ್ನು ಮೂರು ಸಮ ಭಾಗ ಮಾಡುವುದು ಹೇಗೆ? ಅರ್ಧಕ್ಕೆ ಮಡಚಿದರೆ ಎರಡೇ ಆಗುತ್ತದಲ್ಲ?" ನಾನು ಉತ್ತರ ಹೇಳಲಿಲ್ಲ. ಒಂದು ಗಂಟೆ ಆ ಹಗ್ಗದ ಜೊತೆ ಕೂತ. ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಮಡಚಿ ಎಳೆದು ಎಳೆದು ಸರಿ ಮಾಡಿಕೊಂಡ. ಭಿನ್ನರಾಶಿ ಅಲ್ಲಿಂದ ಶುರುವಾಯಿತು.

ಈಗ ಕೂತು ಓದುವುದು ದಿನಕ್ಕೆ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಅಷ್ಟು ಸಾಕಾ ಅಂತ ಎಲ್ಲರೂ ಕೇಳುತ್ತಾರೆ. 40 ಮಕ್ಕಳ ತರಗತಿಯಲ್ಲಿ ಹಾಜರಿ, ಸಾಲು, ಬೋರ್ಡ್ ನೋಡಿ ಬರೆಯುವುದು, ಉಳಿದವರು ಮುಗಿಸುವವರೆಗೆ ಕಾಯುವುದು, ಇದನ್ನೆಲ್ಲ ಕಳೆದರೆ ಉಳಿಯುವುದು ಎಷ್ಟು ಅಂತ ನೀವೇ ಯೋಚಿಸಿ.

ಆದರೆ ನಿಮ್ಮ ಅರ್ಧ ದಿನ ಪೂರ್ತಿ ಹೋಗುತ್ತದೆ. ಉಳಿದ ಅರ್ಧ ದಿನದಲ್ಲೂ ತಲೆಯಲ್ಲಿ ಅದೇ ಓಡುತ್ತಿರುತ್ತದೆ. ಇದನ್ನು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿಕೊಂಡು ಒಪ್ಪಿದರೆ ಮಾತ್ರ ಕೈಹಾಕಿ.

ಸೀಮೆಸುಣ್ಣ

ನಾನು 22 ವರ್ಷದಿಂದ ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರು. ಆ ನೋಟ್‌ಬುಕ್ಕಿನ ಕಥೆ ಓದಿ ಬೇಜಾರಾಯಿತು. 49+7 ಅಂತ ಬರೆದ ಮಗುವಿಗೆ ಗುಣಾಕಾರ ಅಂದರೆ ಏನು ಅಂತ ಗೊತ್ತಿದೆ. ಬಾಯಿಪಾಠ ಹೇಳುವ ಎಷ್ಟೋ ಮಕ್ಕಳಿಗೆ ಅದು ಗೊತ್ತಿರುವುದಿಲ್ಲ. ನನ್ನ ತರಗತಿಯಲ್ಲಿ ಯಾರಾದರೂ ಹಾಗೆ ಬರೆದರೆ ಬೋರ್ಡಿಗೆ ಕರೆದು ಎಲ್ಲರಿಗೂ ಹೇಳಿಕೊಡು ಅನ್ನುತ್ತೇನೆ.

ಆದರೂ ಒಂದು ಮಾತು. ಮಗ್ಗಿ ಬಾಯಿಗೆ ಬರಬೇಕಾದದ್ದೂ ನಿಜ. ಮುಂದೆ ದೊಡ್ಡ ಭಾಗಾಕಾರ ಮಾಡುವಾಗ ಪ್ರತಿ ಸಲ 49+7 ಅಂತ ಕೂತರೆ ಮಗು ದಾರಿಯಲ್ಲೇ ಸುಸ್ತಾಗುತ್ತದೆ. ಅರ್ಥ ಮೊದಲು, ಬಾಯಿಪಾಠ ಆಮೇಲೆ. ಎರಡೂ ಬೇಕು.

ಒಂದು ಇಂಟು ಮಾರ್ಕಿಗೆ ಶಾಲೆ ಬಿಡಿಸುವ ಮೊದಲು ಆ ಟೀಚರ್ ಹತ್ತಿರ ಹೋಗಿ ಮಾತಾಡಿ. ಜಗಳಕ್ಕೆ ಹೋಗಬೇಡಿ. ನೋಟ್‌ಬುಕ್ ತೆಗೆದುಕೊಂಡು ಹೋಗಿ, ತೂತು ತೋರಿಸಿ. ಒಂದೇ ಸಂಜೆಯಲ್ಲಿ 40 ನೋಟ್‌ಬುಕ್ ತಿದ್ದುವಾಗ ಕಣ್ಣು ಉತ್ತರದ ಆಕಾರ ಮಾತ್ರ ನೋಡುತ್ತದೆ. ನಾನೂ ಹಾಗೆ ತಪ್ಪು ಇಂಟು ಹಾಕಿದ್ದೇನೆ. ಮಗು ಬಂದು ತೋರಿಸಿದಾಗ ಎಲ್ಲರ ಮುಂದೆ ತಿದ್ದಿದ್ದೇನೆ.

ಹಕ್ಕಿಗೂಡು

ಮೇಷ್ಟ್ರೇ, ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇದ್ದಿದ್ದರೆ ಈ ಚರ್ಚೆಯೇ ಬೇಡವಾಗಿತ್ತು. ವ್ಯವಸ್ಥೆ ಸರಿಹೋಗುವವರೆಗೆ ನಮ್ಮ ಮಕ್ಕಳು ಕಾಯಬೇಕಾ? ಅವಳ ಮೂರನೇ ತರಗತಿ ಮತ್ತೆ ಬರುವುದಿಲ್ಲ.

ಸೀಮೆಸುಣ್ಣ

@ಹಕ್ಕಿಗೂಡು ಕಾಯಿರಿ ಅಂತ ನಾನು ಹೇಳಲಿಲ್ಲ. ಹೋಗಿ ಮಾತಾಡಿ ಅಂದೆ. ಪ್ರಶ್ನೆ ಕೇಳುವ ಅಪ್ಪ ಅಮ್ಮಂದಿರೆಲ್ಲ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಶಾಲೆಯಲ್ಲಿ ಪ್ರಶ್ನೆ ಕೇಳುವವರು ಯಾರು ಉಳಿಯುತ್ತಾರೆ? ಅರ್ಧ ದಿನದ ಕೆಲಸಕ್ಕೆ ಇಳಿಯಲು ಆಗದ ಮನೆಯ ಮಗುವಿಗೆ ಯಾರು ದಿಕ್ಕು? ಈ ಪ್ರಶ್ನೆ ನನ್ನನ್ನು 22 ವರ್ಷದಿಂದ ಕಾಡುತ್ತಿದೆ.

ಬದಲಾವಣೆ ಶಾಲೆಯ ಹೊರಗೇ ಆಗಬೇಕು ಅಂತಿಲ್ಲ. ಕೊಲಂಬಿಯಾದಲ್ಲಿ 1970ರ ದಶಕದಲ್ಲಿ 'ಎಸ್ಕ್ವೇಲಾ ನುಯೇವಾ' ಅಂತ ಶುರು ಮಾಡಿದರು. ಹೊಸ ಶಾಲೆ ಅಂತ ಅರ್ಥ. ಒಬ್ಬಿಬ್ಬರೇ ಮೇಷ್ಟ್ರು ಇರುವ ಹಳ್ಳಿಯ ಸರ್ಕಾರಿ ಶಾಲೆಗಳು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಪ್ರತಿ ಮಗುವಿಗೂ ತಾನೇ ಓದಿಕೊಂಡು ಹೋಗುವ ಕಲಿಕೆಯ ಪುಸ್ತಿಕೆ. ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ ಎರಡು ವಾರ ತಪ್ಪಿಸಿಕೊಂಡ ಮಗು ಬಂದು, ಬಿಟ್ಟ ಪುಟದಿಂದಲೇ ಮುಂದುವರಿಯುತ್ತದೆ. ಅದು ಹತ್ತಿಪ್ಪತ್ತು ಶಾಲೆಗಳಲ್ಲಿ ನಿಲ್ಲಲಿಲ್ಲ, ಸಾವಿರಾರು ಶಾಲೆಗಳಿಗೆ ಹರಡಿತು. ಅದೂ ಬೇರೆ ದಾರಿಯೇ ಅಲ್ವಾ?

ಕಾಗದದೋಣಿ

ಮಾಂಟೆಸ್ಸರಿ ಬಗ್ಗೆ ಹೇಳುತ್ತೇನೆ. ನನ್ನ ಮಗ ನಾಲ್ಕು ವರ್ಷ ಅಲ್ಲಿದ್ದ.

ಮಾಂಟೆಸ್ಸರಿ ಅನ್ನುವ ಹೆಸರು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಒಳಗೆ ಮಾಮೂಲಿ ಬೆಂಚು, ಮಾಮೂಲಿ ಹೋಂವರ್ಕ್ ಇರುವ ಎಷ್ಟೋ ಜಾಗಗಳಿವೆ. ನಾವು ಮೊದಲು ಸೇರಿಸಿದ್ದೂ ಅಂಥದ್ದೇ. ಮಕ್ಕಳು ಒಂದರ ಮೇಲೊಂದು ಜೋಡಿಸಿ ಕಟ್ಟುವ ಗುಲಾಬಿ ಗೋಪುರದ ಹತ್ತು ಘನಗಳು ಕಪಾಟಿನಲ್ಲಿದ್ದವು, ಮೇಲೆ ಧೂಳು. ಮಕ್ಕಳು ಮುಟ್ಟುವ ಹಾಗಿರಲಿಲ್ಲ, ನೋಡಲು ಬಂದವರಿಗೆ ತೋರಿಸಲು ಮಾತ್ರ ಇಟ್ಟಿದ್ದರು. ಆರು ತಿಂಗಳಿಗೆ ಬಿಡಿಸಿದೆವು.

ಎರಡನೇ ಶಾಲೆಗೆ ಸೇರಿಸುವ ಮೊದಲು ಒಂದು ಬೆಳಿಗ್ಗೆ ಪೂರ್ತಿ ಮೂಲೆಯಲ್ಲಿ ಕೂತು ನೋಡಲು ಬಿಡಿ ಅಂತ ಕೇಳಿದೆ. ಬಿಟ್ಟರು. ಒಂದು ಮಗು ಆ ಗುಲಾಬಿ ಗೋಪುರ ಕಟ್ಟುತ್ತಿತ್ತು. ಎಲ್ಲಕ್ಕಿಂತ ಸಣ್ಣ ಘನದ ಬದಿ 1 ಸೆಂಟಿಮೀಟರ್, ದೊಡ್ಡದರದ್ದು 10. ಐದನೆಯದನ್ನು ಇಡುವ ಜಾಗದಲ್ಲಿ ಆರನೆಯದನ್ನು ಇಟ್ಟಿತು. ಟೀಚರ್ ಪಕ್ಕದಲ್ಲೇ ಇದ್ದರು, ಬಾಯಿ ಬಿಡಲಿಲ್ಲ. ಕೊನೆಯಲ್ಲಿ ಒಂದು ಘನ ಮಿಕ್ಕಿತು. ಮಗು ಅದನ್ನು ಕೈಯಲ್ಲಿ ಹಿಡಿದು ಗೋಪುರದ ಸುತ್ತ ಒಂದು ಸುತ್ತು ಬಂತು. ಆಮೇಲೆ ತಾನೇ ಕೆಡವಿ ಮೊದಲಿಂದ ಕಟ್ಟಿತು. ಕೆಂಪು ಶಾಯಿ ಬೇಕಾಗಲೇ ಇಲ್ಲ. ನಿಮ್ಮ ಮಗಳ ನೋಟ್‌ಬುಕ್ಕಿನ ಬಗ್ಗೆ ಓದಿದಾಗ ನನಗೆ ಅದೇ ನೆನಪಾಯಿತು.

ಹೋಗಿ ನೋಡುವಾಗ ಮಕ್ಕಳ ವಯಸ್ಸು ಗಮನಿಸಿ. 3ರಿಂದ 6, 6ರಿಂದ 9 ಹೀಗೆ ಮೂರು ವರ್ಷದ ಮಕ್ಕಳು ಒಟ್ಟಿಗೆ ಇರಬೇಕು. ಬೆಳಿಗ್ಗೆ ಸುಮಾರು ಮೂರು ತಾಸು ನಡುವೆ ಬೆಲ್ ಹೊಡೆಯದೆ ಕೆಲಸ ನಡೆಯಬೇಕು. ಟೀಚರ್ ಎಲ್ಲಿ ತರಬೇತಿ ಪಡೆದರು ಅಂತ ಸಂಕೋಚ ಇಲ್ಲದೆ ಕೇಳಿ. ಒಂದು ಬೆಳಿಗ್ಗೆ ಕೂತು ನೋಡಲು ಬಿಡದ ಶಾಲೆ ಬೇಡ.

ನಡುಮನೆ

ಮಾಂಟೆಸ್ಸರಿಯಲ್ಲಿ ಮಕ್ಕಳು ಮನಸ್ಸಿಗೆ ಬಂದದ್ದು ಮಾಡಿಕೊಂಡು ಇರುತ್ತಾರಂತೆ? ದೊಡ್ಡವರಾದ ಮೇಲೆ ಒಂದು ಕಡೆ ಕೂರುವುದೇ ಇಲ್ಲ ಅಂತ ಕೇಳಿದ್ದೇನೆ.

ಕಾಗದದೋಣಿ

@ನಡುಮನೆ ಇಲ್ಲ. ಏನು ಬೇಕು ಅಂತ ಮಗು ಆರಿಸಿಕೊಳ್ಳುತ್ತದೆ, ಆದರೆ ಕಪಾಟಿನಲ್ಲಿ ಏನಿರಬೇಕು ಅಂತ ನಿರ್ಧರಿಸುವವರು ದೊಡ್ಡವರು. ಪ್ರತಿ ಸಾಮಾನನ್ನೂ ಹೀಗೇ ಬಳಸಬೇಕು, ಮುಗಿದ ಮೇಲೆ ಇದ್ದ ಜಾಗದಲ್ಲೇ ಇಡಬೇಕು. ತುಂಬಾ ಶಿಸ್ತು. ಹಾಗೆ ನೋಡಿದರೆ ಕೆಲವು ಮಕ್ಕಳಿಗೆ ಆ ಶಿಸ್ತೇ ಜಾಸ್ತಿ ಆಗುತ್ತದೆ.

ತೆರೆದಬಾಗಿಲು

ನಡುಮನೆಯವರು ಹೇಳುತ್ತಿರುವುದು ಸಮ್ಮರ್‌ಹಿಲ್ ಥರದ ಶಾಲೆಯ ಬಗ್ಗೆ ಇರಬೇಕು. ಎ. ಎಸ್. ನೀಲ್ 1921ರಲ್ಲಿ ಶುರು ಮಾಡಿದ್ದು. ಈಗಲೂ ಇಂಗ್ಲೆಂಡಿನಲ್ಲಿ ನಡೆಯುತ್ತಿದೆ. ಅಲ್ಲಿ ತರಗತಿಗೆ ಹೋಗುವುದು ಬಿಡುವುದು ಮಗುವಿನ ಇಷ್ಟ. ಆದರೆ ನಿಯಮ ಇಲ್ಲ ಅಂತ ಅಲ್ಲ. ಶಾಲೆಯ ಸಭೆಯಲ್ಲಿ ಮಕ್ಕಳು, ದೊಡ್ಡವರು ಎಲ್ಲರಿಗೂ ಒಂದೊಂದು ಮತ. ಅಲ್ಲಿ ಆದ ನಿಯಮ ಎಲ್ಲರಿಗೂ ಅನ್ವಯ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಶುರುವಾದ ಸಡ್‌ಬರಿ ವ್ಯಾಲಿ ಶಾಲೆ ಇನ್ನೂ ಮುಂದೆ ಹೋಯಿತು. ಅಲ್ಲಿ ಸಿಬ್ಬಂದಿ ಯಾರಿರಬೇಕು ಅಂತಲೂ ಮಕ್ಕಳು ಮತ ಹಾಕುತ್ತಾರೆ.

ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟರೆ ಕೆಟ್ಟು ಹೋಗುತ್ತಾರೆ ಅನ್ನುವವರು ಅಂಥ ಸಭೆಯನ್ನು ಒಂದು ಸಲ ನೋಡಬೇಕು. ನಾನು ಒಂದು ಸಣ್ಣ ಮುಕ್ತ ಶಾಲೆಯಲ್ಲಿ ನೋಡಿದ್ದೇನೆ. 9 ವರ್ಷದ ಹುಡುಗನೊಬ್ಬ ಎದ್ದು ನಿಂತು, ತನ್ನ ಸೈಕಲ್ಲನ್ನು ಕೇಳದೆ ತೆಗೆದುಕೊಂಡ ದೊಡ್ಡ ಹುಡುಗನ ಮೇಲೆ ದೂರು ಹೇಳಿದ. ಧ್ವನಿ ನಡುಗುತ್ತಿತ್ತು. ಪೂರ್ತಿ ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ.

ಹೊಸ್ತಿಲು

ಚೆನ್ನಾಗಿದೆ. ಆದರೆ ಅಲ್ಲಿಂದ ಬಂದ ಮಗು 12ನೇ ವಯಸ್ಸಿಗೆ ಭಾಗಾಕಾರ ಬೇಡ ಅಂದರೆ? ಬೇಡ ಅನ್ನುವುದರ ಬೆಲೆ ಆ ವಯಸ್ಸಿಗೆ ಗೊತ್ತಿರುತ್ತದಾ? ನನಗೆ ಇದು ಒಪ್ಪಿಗೆ ಇಲ್ಲ. ಕೆಲವನ್ನು ದೊಡ್ಡವರು ಕೈಹಿಡಿದು ಮಾಡಿಸಲೇಬೇಕು.

ತೆರೆದಬಾಗಿಲು

ಮಾಮೂಲಿ ಶಾಲೆಯಲ್ಲಿ ಎಂಟು ವರ್ಷ ಕೈಹಿಡಿದು ಮಾಡಿಸಿದ ಮೇಲೂ ಭಾಗಾಕಾರ ಬಾರದವರು ಇಲ್ವಾ?

ಹೊಸ್ತಿಲು

ಇದ್ದಾರೆ. ಅದಕ್ಕೆ ಮದ್ದು ಚೆನ್ನಾಗಿ ಕಲಿಸುವುದು. ಕಲಿಸುವುದನ್ನೇ ಬಿಟ್ಟುಬಿಡುವುದು ಮದ್ದಲ್ಲ.

ಬಣ್ಣದಬುಗುರಿ

ನಮ್ಮದು ವಾಲ್ಡಾರ್ಫ್ ಅನುಭವ. ಐದು ವರ್ಷ. ಸ್ವಿಟ್ಜರ್ಲೆಂಡಿನಲ್ಲಿ ರುಡಾಲ್ಫ್ ಸ್ಟೈನರ್ ಶುರು ಮಾಡಿದ ಪದ್ಧತಿ. ಕಥೆ, ಬಣ್ಣ, ಹಾಡು, ಕೈಕೆಲಸ ಜಾಸ್ತಿ. ಒಂದೇ ವಿಷಯವನ್ನು ಮೂರು ನಾಲ್ಕು ವಾರ ಬೆಳಿಗ್ಗೆ ಹಿಡಿದು ಮಾಡುತ್ತಾರೆ. ಒಬ್ಬರೇ ಟೀಚರ್ ವರ್ಷದಿಂದ ವರ್ಷಕ್ಕೆ ಮಕ್ಕಳ ಜೊತೆಗೇ ಮುಂದಿನ ತರಗತಿಗೆ ಬರುತ್ತಾರೆ. ಮಗಳಿಗೆ ಆ ಟೀಚರ್ ಸಿಕ್ಕಿದ್ದು ಪುಣ್ಯ. ಆದರೆ ಪಕ್ಕದ ತರಗತಿಯ ಮಕ್ಕಳಿಗೆ ಟೀಚರ್ ಜೊತೆ ಹೊಂದಿಕೆ ಆಗಲಿಲ್ಲ. ಅವರೂ ಅಷ್ಟೇ ವರ್ಷ ಅವರ ಜೊತೆಗೇ ಇರಬೇಕಾಯಿತು. ಇದನ್ನು ಯೋಚಿಸಿ ಸೇರಿಸಿ.

ಇನ್ನೊಂದು. ಅಲ್ಲಿ ಓದು ಬರಹ ಕ್ರಮವಾಗಿ ಶುರುವಾಗುವುದು ಸುಮಾರು 7ನೇ ವಯಸ್ಸಿಗೆ. ನಡುವೆ ನಾವು ಬೇರೆ ಕಡೆ ಹೋಗಬೇಕಾಗಿ ಬಂತು. ಮಾಮೂಲಿ ಶಾಲೆಯ ಎರಡನೇ ತರಗತಿಗೆ ಸೇರಿಸಿದಾಗ ಎಲ್ಲರೂ ಪಾಠ ಓದುತ್ತಿದ್ದರು, ಇವಳು ಇನ್ನೂ ಅಕ್ಷರ ಕೂಡಿಸುತ್ತಿದ್ದಳು. ಒಂದು ವರ್ಷ ಕಷ್ಟಪಟ್ಟಳು. ಆಮೇಲೆ ಸರಿಹೋಯಿತು. ಇದ್ದರೆ ಪೂರ್ತಿ ಇರುತ್ತೇವೆ ಅನ್ನುವ ಧೈರ್ಯ ಇದ್ದರೆ ಒಳ್ಳೆಯದು.

ಹಳೆಪಂಚಾಂಗ

ಸಣ್ಣ ತಿದ್ದುಪಡಿ. ಮೊದಲ ವಾಲ್ಡಾರ್ಫ್ ಶಾಲೆ ಸ್ವಿಟ್ಜರ್ಲೆಂಡಿನಲ್ಲಿ ಅಲ್ಲ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, 1919ರಲ್ಲಿ. ವಾಲ್ಡಾರ್ಫ್ ಆಸ್ಟೋರಿಯಾ ಅನ್ನುವ ಸಿಗರೇಟ್ ಕಾರ್ಖಾನೆಯ ಮಾಲೀಕರು ಕೆಲಸಗಾರರ ಮಕ್ಕಳಿಗಾಗಿ ಶಾಲೆ ಬೇಕು ಅಂತ ಸ್ಟೈನರ್ ಅವರನ್ನು ಕೇಳಿದರು. ಹೆಸರು ಬಂದದ್ದು ಆ ಕಾರ್ಖಾನೆಯಿಂದ. ಮಾಂಟೆಸ್ಸರಿಯ ಮೊದಲ ಶಾಲೆಯೂ ಹಾಗೆಯೇ. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ, ಅಪ್ಪ ಅಮ್ಮ ಕೂಲಿಗೆ ಹೋದಾಗ ನೋಡಿಕೊಳ್ಳಲು ಯಾರೂ ಇಲ್ಲದ ಮಕ್ಕಳಿಗಾಗಿ ಶುರುವಾದದ್ದು. ಇವತ್ತು ಎಷ್ಟೋ ಕಡೆ ಎರಡೂ ದುಡ್ಡಿದ್ದವರ ಶಾಲೆ ಆಗಿಬಿಟ್ಟಿವೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಮೇಷ್ಟ್ರ ಮಾತು ಸರಿ.

ಬಣ್ಣದಬುಗುರಿ

ಧನ್ಯವಾದ, ಗೊತ್ತಿರಲಿಲ್ಲ. ಇಷ್ಟು ವರ್ಷ ತಪ್ಪೇ ಹೇಳುತ್ತಿದ್ದೆ.

ಕಟ್ಟೆಪಂಚಾಯ್ತಿ

ಮನೆಪಾಠ ಅನ್ನುವ ಮೊದಲು ನೀವಿರುವ ಕಡೆ ಕಾನೂನು ಏನು ಅಂತ ನೋಡಿ. ಇದರಲ್ಲಿ ದೇಶಕ್ಕೊಂದು ರೀತಿ. ಜರ್ಮನಿಯಲ್ಲಿ ಮಗು ಶಾಲೆಗೆ ಹೋಗಲೇಬೇಕು, ಮನೆಯಲ್ಲಿ ಕಲಿಸುತ್ತೇವೆ ಅಂದರೆ ಒಪ್ಪುವುದಿಲ್ಲ. ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2006ರಲ್ಲಿ ಅಲ್ಲೂ ಅರ್ಜಿ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆ ಶಾಲೆಯಲ್ಲಿ "ಅಥವಾ ಬೇರೆ ರೀತಿಯಲ್ಲಿ" ಶಿಕ್ಷಣ ಕೊಡಿಸಬೇಕು ಅನ್ನುತ್ತದೆ. ಅಲ್ಲಿ ಮನೆಪಾಠ ನಿಂತಿರುವುದು ಆ ಎರಡು ಮೂರು ಪದಗಳ ಮೇಲೆ. ಅಮೆರಿಕದ 50 ರಾಜ್ಯಗಳಲ್ಲೂ ಅವಕಾಶ ಇದೆ, ಆದರೆ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಕೆಲವು ಕಡೆ ಪ್ರತಿ ವರ್ಷ ಪರೀಕ್ಷೆ, ಕೆಲವು ಕಡೆ ಒಂದು ಕಾಗದ ಕೊಡುವುದೂ ಬೇಡ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ, ಮನೆಪಾಠದ ಬಗ್ಗೆ ಅದರಲ್ಲಿ ಬೇರೆಯಾಗಿ ಏನೂ ಹೇಳಿಲ್ಲ. ಅಲ್ಲಿ ಮನೆಯಲ್ಲಿ ಕಲಿತ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕವೂ ಪರೀಕ್ಷೆ ಬರೆಯುತ್ತಾರೆ.

ಬಿಡಿಸುವ ಮೊದಲು ವರ್ಗಾವಣೆ ಪತ್ರ, ಅಂಕಪಟ್ಟಿ ಎಲ್ಲ ಕೈಗೆ ತೆಗೆದುಕೊಳ್ಳಿ. ಮುಂದೆ ಮತ್ತೆ ಶಾಲೆಗೆ ಸೇರಿಸಬೇಕಾಗಿ ಬಂದರೆ ಬೇಕೇ ಬೇಕು.

ಅಳತೆಕೋಲು

"ನಮ್ಮ ಮಗುವಿಗೆ ಒಳ್ಳೆಯದಾಯಿತು" ಅನ್ನುವ ಕಥೆಗಳಿಂದ ಪದ್ಧತಿ ಒಳ್ಳೆಯದಾ ಅಂತ ಹೇಳುವುದು ಕಷ್ಟ. ಬೇರೆ ಶಾಲೆ ಹುಡುಕಿಕೊಂಡು ಹೋಗುವ ಅಪ್ಪ ಅಮ್ಮ ಎಲ್ಲಿದ್ದರೂ ಮಗುವಿನ ಹಿಂದೆ ನಿಲ್ಲುವವರೇ. ಹಾಗಾಗಿ ಮಗು ಚೆನ್ನಾಗಿ ಓದಿದರೆ ಅದು ಶಾಲೆಯಿಂದಲಾ ಮನೆಯಿಂದಲಾ ಅಂತ ಬಿಡಿಸುವುದು ಹೇಗೆ?

ಒಂದು ಒಳ್ಳೆಯ ಅಧ್ಯಯನ ಇದೆ. ಅಮೆರಿಕದ ಮಿಲ್ವಾಕಿಯಲ್ಲಿ ಒಂದು ಸಾರ್ವಜನಿಕ ಮಾಂಟೆಸ್ಸರಿ ಶಾಲೆಗೆ ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಅರ್ಜಿ ಹಾಕಿ ಸೀಟು ಸಿಕ್ಕಿದವರು, ಹಾಕಿಯೂ ಸಿಗದವರು, ಇಬ್ಬರನ್ನೂ ಹೋಲಿಸಿದರು. ಎರಡೂ ಕಡೆಯ ಅಪ್ಪ ಅಮ್ಮ ಒಂದೇ ಥರ ಆಸೆ ಇದ್ದವರು, ಅದೃಷ್ಟ ಮಾತ್ರ ಬೇರೆ. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 5 ವರ್ಷದ ಮಕ್ಕಳಲ್ಲಿ ಅಕ್ಷರ ಗುರುತಿಸುವುದು, ಗಣಿತ, ಎರಡರಲ್ಲೂ ಮಾಂಟೆಸ್ಸರಿಯವರು ಮುಂದಿದ್ದರು. 12 ವರ್ಷದವರಲ್ಲಿ ಓದು, ಗಣಿತದ ಪರೀಕ್ಷೆಯಲ್ಲಿ ಅಂಥ ಅಂತರ ಕಾಣಲಿಲ್ಲ. ಕಥೆ ಬರೆಯುವುದರಲ್ಲಿ ಮುಂದಿದ್ದರು. ಮಾಯಾಮಂತ್ರ ಅಲ್ಲ, ಸುಳ್ಳೂ ಅಲ್ಲ.

ಮನೆಪಾಠದ ಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲಿ ತಾವಾಗಿ ಮುಂದೆ ಬಂದ ಕುಟುಂಬಗಳೇ ಇರುತ್ತವೆ. ಅಲ್ಲಿನ ಅಂಕಗಳನ್ನು ನೋಡಿ ಹಿಗ್ಗಬೇಡಿ.

ಮನೆಯೇಶಾಲೆ

@ಅಳತೆಕೋಲು ಒಪ್ಪುತ್ತೇನೆ. ಮನೆಪಾಠ ಕೈಬಿಟ್ಟವರು ಇಂಥ ಕಡೆ ಬಂದು ಬರೆಯುವುದೂ ಕಡಿಮೆ.

ನಡುಮನೆ

ಎಲ್ಲ ಸರಿ. ಆದರೆ ಮನೆಯಲ್ಲೇ ಇದ್ದರೆ ನಾಲ್ಕು ಜನರ ಜೊತೆ ಬೆರೆಯುವುದು ಹೇಗೆ ಕಲಿಯುತ್ತಾರೆ? ಇದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ.

ಹಕ್ಕಿಗೂಡು

ಒಂದೇ ವಯಸ್ಸಿನ 40 ಮಕ್ಕಳನ್ನು ಕೂರಿಸಿ "ಮಾತಾಡಬೇಡಿ" ಅನ್ನುವುದು ಬೆರೆಯುವುದಾ?

ನಡುಮನೆ

ಆಟದ ಬಯಲಲ್ಲಿ, ನಡುವಿನ ಬಿಡುವಿನಲ್ಲಿ ಬೆರೆಯುತ್ತಾರೆ. ನನ್ನ ಜೀವದ ಗೆಳತಿ ಸಿಕ್ಕಿದ್ದು ಶಾಲೆಯ ಕೊನೆ ಬೆಂಚಿನಲ್ಲಿ. ಅದನ್ನು ಹಗುರಾಗಿ ತಳ್ಳಬೇಡಿ.

ಮುಗಿಲಮಲ್ಲಿಗೆ

ನಾನು ಹೇಳಬಹುದಾ? ನನಗೀಗ 24. 9ರಿಂದ 16ನೇ ವಯಸ್ಸಿನವರೆಗೆ ಮನೆಯಲ್ಲೇ ಕಲಿತೆ. ಇಲ್ಲಿ ಎಲ್ಲರೂ ಅಪ್ಪ ಅಮ್ಮಂದಿರು. ಮಗುವಾಗಿ ಇದನ್ನು ಬದುಕಿದವರು ಯಾರೂ ಬರೆದಿಲ್ಲ.

ಒಳ್ಳೆಯದು ತುಂಬಾ ಇತ್ತು. 10ನೇ ವಯಸ್ಸಿಗೆ ನಕ್ಷತ್ರದ ಹುಚ್ಚು ಹಿಡಿಯಿತು. ಇಡೀ ಒಂದು ವರ್ಷ ಅದೇ. ರಾತ್ರಿ ಎದ್ದು ನೋಡಿದರೆ ಬೆಳಿಗ್ಗೆ ತಡವಾಗಿ ಏಳಬಹುದಿತ್ತು. ನಕ್ಷತ್ರದ ದೂರ ಬರೆಯಲು ದೊಡ್ಡ ಸಂಖ್ಯೆ ಕಲಿತೆ, ಕೋನ ಅಳೆಯಲು ಕಲಿತೆ. ಯಾರೂ ಗಂಟೆ ಹೊಡೆದು "ಮುಚ್ಚು, ಈಗ ಸಮಾಜ" ಅನ್ನಲಿಲ್ಲ. ಆ ವರ್ಷಕ್ಕೆ ನಾನು ಅಮ್ಮನಿಗೆ ಯಾವತ್ತೂ ಋಣಿ.

ಕಷ್ಟವೂ ಇತ್ತು. ಅಮ್ಮನ ಮೇಲೆ ಸಿಟ್ಟು ಬಂದರೆ ಟೀಚರ್ ಮೇಲೂ ಸಿಟ್ಟು. ಟೀಚರ್ ಬೈದರೆ ಸಂಜೆ ಮನೆಗೆ ಬಂದು ಹೇಳಿಕೊಳ್ಳಲು ಬೇರೆ ಅಮ್ಮ ಇರಲಿಲ್ಲ. 13, 14ರಲ್ಲಿ ತುಂಬಾ ಒಂಟಿತನ ಆಯಿತು. ವಾರಕ್ಕೆ ಎರಡು ದಿನ ಬೇರೆ ಮನೆಪಾಠದ ಮಕ್ಕಳ ಜೊತೆ ಸೇರುತ್ತಿದ್ದೆವು, ಆದರೆ ಎಲ್ಲರೂ ನನಗಿಂತ ಚಿಕ್ಕವರು. 16ಕ್ಕೆ ಮೊದಲ ಸಲ ಪರೀಕ್ಷೆಗೆ ಕೂತಾಗ ಉತ್ತರ ಎಲ್ಲ ಗೊತ್ತಿತ್ತು, ಮೂರು ಗಂಟೆ ಬಿಡದೆ ಬರೆದು ಗೊತ್ತಿರಲಿಲ್ಲ. ಎರಡನೇ ಗಂಟೆಗೆ ಹೆಬ್ಬೆರಳು ಮರಗಟ್ಟಿತು. ಕೊನೆಯ ಎರಡು ಪ್ರಶ್ನೆ ಹಾಗೇ ಉಳಿಯಿತು.

ಶಾಲೆ ಬಿಡುತ್ತೀಯಾ ಅಂತ ಆಗ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆನೇನೋ. ಆದರೂ ಕೇಳಬೇಕಿತ್ತು. @ಬೆಳದಿಂಗಳು ಅಕ್ಕ, ನಿಮ್ಮ ಮಗಳಿಗೆ 8 ವರ್ಷ. ಅವಳನ್ನು ಕೇಳಿದ್ದೀರಾ?

ಎರಡುಜಡೆ

ಮುಗಿಲಮಲ್ಲಿಗೆ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಎರಡು ಪ್ರಶ್ನೆ ಬಿಟ್ಟಿದ್ದು ಓದಿ ನನ್ನ ಕೈಯೇ ನೋಯಿತು.

ಓದುಗಣ್ಣು

ಓದಲು ಕಷ್ಟಪಡುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಯಾವ ಪದ್ಧತಿ ಅಂತ ನೋಡುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದ ಮಗು "ನನಗೆ ಕಾಣುವುದಿಲ್ಲ" ಅಂತ ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ.

ಮನೆಪಾಠದವರಿಗೂ ಒಂದು ಮಾತು. ಮಗು ತನಗೆ ಬೇಕಾದಾಗ ಓದಲಿ ಅಂತ ಬಿಡುವುದು ಸರಿ ಇರಬಹುದು. ಆದರೆ 8, 9 ಆದರೂ ಅಕ್ಷರ ಮತ್ತು ಶಬ್ದ ಕೂಡಿಕೊಳ್ಳದೆ ಒದ್ದಾಡುತ್ತಿದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಅದು ಕಾದರೆ ತಾನಾಗಿ ಹೋಗುವುದಿಲ್ಲ, ಬೇಗ ಹಿಡಿದರೆ ದಾರಿ ಇದೆ. ಶಾಲೆಯಲ್ಲಾದರೆ ಪಕ್ಕದ ಮಕ್ಕಳ ಜೊತೆ ಹೋಲಿಸಿ ಟೀಚರ್‌ಗೆ ಗೊತ್ತಾಗುತ್ತದೆ. ಮನೆಯಲ್ಲಿ ಹೋಲಿಸಲು ಯಾರೂ ಇರುವುದಿಲ್ಲ.

ಕಾಗದದೋಣಿ

ಓದುವುದು ಅಂದಾಗ ನೆನಪಾಯಿತು. ಮಾಂಟೆಸ್ಸರಿಯ ಉಪ್ಪುಕಾಗದದ ಅಕ್ಷರಗಳನ್ನು ನಾನು ಮನೆಯಲ್ಲೇ ಕನ್ನಡಕ್ಕೆ ಮಾಡಿದ್ದೆ. ರಟ್ಟಿನ ಮೇಲೆ ಉಪ್ಪುಕಾಗದ ಕತ್ತರಿಸಿ ಅಂಟಿಸುವುದು, ಮಗು ಬೆರಳಾಡಿಸಿ ಆಕಾರ ಕಲಿಯುತ್ತದೆ. ದುಂಡಗಿನ ಠ, ರ ಸುಲಭ. ಖ, ಋ ಕತ್ತರಿಸುವಾಗ ಸಾಕುಸಾಕಾಯಿತು. ಒತ್ತಕ್ಷರಕ್ಕೆ ಏನು ಮಾಡಿದಿರಿ ಯಾರಾದರೂ?

ಮನೆಯೇಶಾಲೆ

ಒತ್ತಕ್ಷರವನ್ನು ಬೇರೆ ಸಣ್ಣ ರಟ್ಟಿನ ಮೇಲೆ ಮಾಡಿ ಕೆಳಗೆ ಜೋಡಿಸಲು ಕೊಟ್ಟೆ. ಕ ಕೆಳಗೆ ಕ ಒತ್ತು ಇಟ್ಟರೆ 'ಅಕ್ಕ'. ತಾನೇ ಜೋಡಿಸಿದರೆ ಮರೆಯುವುದಿಲ್ಲ.

ಸೀಮೆಸುಣ್ಣ

ಇದನ್ನು ನಾಳೆಯೇ ನಮ್ಮ ಶಾಲೆಯ ಒಂದನೇ ತರಗತಿಯ ಟೀಚರ್‌ಗೆ ಹೇಳುತ್ತೇನೆ. ಹಳೆಯ ರಟ್ಟಿನ ಡಬ್ಬ ಶಾಲೆಯಲ್ಲಿ ರಾಶಿ ಇದೆ.

ಬೆಳದಿಂಗಳು

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಉತ್ತರವನ್ನೂ ನಾವಿಬ್ಬರೂ ಕೂತು ಓದಿದೆವು.

ಕಣ್ಣು, ಕಿವಿ ತೋರಿಸಿದೆವು. ಎರಡೂ ಸರಿ ಇವೆ.

ಮುಗಿಲಮಲ್ಲಿಗೆ, ನಿಮ್ಮ ಪ್ರಶ್ನೆ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಅವಳನ್ನು ಕೇಳಿರಲೇ ಇಲ್ಲ. ಮರುದಿನ ಮಲಗುವ ಹೊತ್ತಿಗೆ ದೀಪ ಆರಿಸಿ ಕೇಳಿದೆ, ಕತ್ತಲೆಯಲ್ಲಿ ಅವಳು ಜಾಸ್ತಿ ಮಾತಾಡುತ್ತಾಳೆ. ಶಾಲೆ ಬಿಡುವುದು ಅವಳಿಗೆ ಬೇಡವಂತೆ. ಪಕ್ಕದಲ್ಲಿ ಕೂರುವ ಗೆಳತಿಯನ್ನು ಬಿಟ್ಟು ಇರಲ್ಲ ಅಂದಳು. ಹಾಗಾದರೆ ಏನಮ್ಮಾ ಕಷ್ಟ ಅಂದೆ. ಬೆಳಿಗ್ಗೆ ಮೊದಲ ಪಿರಿಯಡ್‌ನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಮಗ್ಗಿ ಹೇಳಿಸುತ್ತಾರಂತೆ. ತಡವರಿಸಿದರೆ ಪಿರಿಯಡ್ ಮುಗಿಯುವವರೆಗೆ ನಿಂತೇ ಇರಬೇಕು. ಇವಳು ಮನಸ್ಸಿನಲ್ಲಿ ಕೂಡಿಸಿ ಹೇಳುವಷ್ಟರಲ್ಲಿ ತಡ ಆಗುತ್ತದೆ. ಮೂರು ತಿಂಗಳಿಂದ ಹೆಚ್ಚುಕಡಿಮೆ ದಿನಾ ನಿಂತಿದ್ದಾಳೆ. ನನಗೆ ಒಂದು ಮಾತೂ ಹೇಳಿರಲಿಲ್ಲ.

ಮೇಷ್ಟ್ರು ಹೇಳಿದ ಹಾಗೆ ನೋಟ್‌ಬುಕ್ ತೆಗೆದುಕೊಂಡು ಹೋದೆ. ಟೀಚರ್ ಆ ಹಾಳೆಯ ತೂತಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಿಲ್ಲಿಸುವುದನ್ನು ಬಿಡುತ್ತೇನೆ ಅಂದರು. ಎಲ್ಲರನ್ನೂ ನಿಲ್ಲಿಸುವುದಿಲ್ಲವೋ ಇವಳನ್ನು ಮಾತ್ರವೋ ಗೊತ್ತಿಲ್ಲ. ಅದನ್ನೂ ಕೇಳಿಕೊಂಡು ಬರಬೇಕಿತ್ತು. ಈ ವಾರ ಎರಡು ದಿನ ಹೊಟ್ಟೆನೋವು ಬಂತು, ಮೂರು ದಿನ ಬರಲಿಲ್ಲ.

ಬೇರೆ ದಾರಿಯನ್ನು ಕೈಬಿಟ್ಟಿಲ್ಲ. ಮುಂದಿನ ಗುರುವಾರ ಒಂದು ಮಾಂಟೆಸ್ಸರಿ ಶಾಲೆಯಲ್ಲಿ ಬೆಳಿಗ್ಗೆ ಪೂರ್ತಿ ಕೂತು ನೋಡಲು ಒಪ್ಪಿದ್ದಾರೆ. ಈ ಸಲ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಅರ್ಧ ದಿನದ ಕೆಲಸಕ್ಕೂ ಅರ್ಜಿ ಕೊಟ್ಟಿದ್ದೇನೆ, ಶಾಲೆ ಬದಲಾದರೂ ಆಗದಿದ್ದರೂ ಸಂಜೆ ಅವಳ ಜೊತೆ ಇರಬೇಕು ಅನ್ನಿಸಿದೆ.

@ಮನೆಯೇಶಾಲೆ ಒಂದು ಕೇಳಬೇಕಿತ್ತು. ಆ ಹಗ್ಗ ಎಷ್ಟು ಉದ್ದ ಇತ್ತು?

ಮನೆಯೇಶಾಲೆ

ಸುಮಾರು ಒಂದೂವರೆ ಮೀಟರ್. ತುಂಬಾ ತೆಳುವಾದದ್ದು ಬೇಡ, ಸುರುಟಿಕೊಳ್ಳುತ್ತದೆ. ಮಡಚಿದರೆ ಮಡಿಕೆ ಗೊತ್ತಾಗುವಷ್ಟು ದಪ್ಪ ಇರಲಿ. ಉತ್ತರ ಮಾತ್ರ ಹೇಳಬೇಡಿ.

ಸೀಮೆಸುಣ್ಣ

ಎಲ್ಲರನ್ನೂ ನಿಲ್ಲಿಸುವುದು ಬಿಟ್ಟರಾ ಅಂತ ದಯವಿಟ್ಟು ಕೇಳಿ ಬನ್ನಿ. ಆ ಗೆಳತಿಯೂ ಅದೇ ತರಗತಿಯಲ್ಲಿ ಇದ್ದಾಳಲ್ಲ.

ಬೆಳದಿಂಗಳು

ನಾಳೆ ಬೆಳಿಗ್ಗೆಯೇ ಹೋಗುತ್ತೇನೆ ಮೇಷ್ಟ್ರೇ.